ಬಿಳಿ ಅಂದರೆ ಯಾವ ಬಿಳಿ? ಟೀ ಶರ್ಟ್, ಮಗ್, ಪೆನ್ನುಗಳ ಮುದ್ರಣಕ್ಕೆ ಫೈಲ್ ಸಿದ್ಧಪಡಿಸುವ ಟಿಪ್ಪಣಿ

ಪೆನ್ ಟೂಲ್, ಲೇಯರ್, ಎಕ್ಸ್‌ಪೋರ್ಟ್ ಇವೆಲ್ಲ ಕೈಗೆ ಹತ್ತಿವೆ ಎಂದಿಟ್ಟುಕೊಂಡು ಬರೆದ ಟಿಪ್ಪಣಿ ಇದು. ವಿಸಿಟಿಂಗ್ ಕಾರ್ಡ್, ಪೋಸ್ಟರ್‌ಗಳಲ್ಲಿ ಪಳಗಿದವರೂ ಬಟ್ಟೆ, ಬ್ಯಾಗು, ಪೆನ್ನಿನ ಕೆಲಸಕ್ಕೆ ಬಂದಾಗ ಎಡವುವುದು ಬಿಳಿ ಬಣ್ಣದಲ್ಲಿ. ಕಾಗದ ತಾನೇ ಬಿಳಿ. ಹಾಗಾಗಿ ಅಲ್ಲಿ ಬಿಳಿ ಎಂದರೆ ‘ಇಲ್ಲಿ ಇಂಕ್ ಬೇಡ’ ಎಂದಷ್ಟೇ. ಕಪ್ಪು ಬಟ್ಟೆಯ ಮೇಲಾದರೋ ಬಿಳಿಯೂ ಒಂದು ಇಂಕ್. ಫೈಲ್‌ನಲ್ಲಿ ಮೂರು ಬಿಳಿಗಳಿರಬಹುದು: ಏನೂ ಇಲ್ಲದ ಖಾಲಿ ಜಾಗ, ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂಕ್) ನಾಲ್ಕೂ ಸೊನ್ನೆಯಾದ ಬಿಳಿ, ಬಿಳಿ ಇಂಕ್ ಎಂದೇ ಹೆಸರಿಟ್ಟ ಸ್ಪಾಟ್ ಬಣ್ಣ (ಆ ನಾಲ್ಕನ್ನು ಬೆರೆಸದೆ ಪ್ರತ್ಯೇಕ ಇಂಕ್ ಆಗಿಯೇ ಅಚ್ಚಾಗುವ ಬಣ್ಣ). ಮೊದಲೆರಡು ಮಾನಿಟರ್‌ನಲ್ಲಿ ಒಂದೇ ಥರ ಕಾಣುತ್ತವೆ. ಯಂತ್ರಕ್ಕೆ ಮೂರೂ ಬೇರೆ ಬೇರೆ.

ವಿಧಾನ ತಿಳಿಯದೆ ಫೈಲ್ ಶುರು ಮಾಡಬೇಡಿ

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ (ಇಂಕ್ ತೂರಿ ಇಳಿಯುವ ಜಾಲರಿ ಚೌಕಟ್ಟು). ಆದ್ದರಿಂದ ವೆಕ್ಟರ್ ಫೈಲ್, ಸ್ಪಾಟ್ ಬಣ್ಣಗಳು. ಡಿಟಿಜಿ (ಬಟ್ಟೆಯ ಮೇಲೇ ನೇರ ಮುದ್ರಣ), ಡಿಟಿಎಫ್ (ಫಿಲ್ಮ್ ಮೇಲೆ ಮುದ್ರಿಸಿ, ಅಂಟುಪುಡಿ ಹಾಕಿ ಬಟ್ಟೆಗೆ ಒತ್ತುವುದು) ಎರಡಕ್ಕೂ ಹಿನ್ನೆಲೆ ತೆಗೆದ ಪಿಎನ್‌ಜಿ ಸಾಕು. ಬಿಳಿ ಪದರವನ್ನು ಸಾಮಾನ್ಯವಾಗಿ ರಿಪ್ (ಫೈಲನ್ನು ಯಂತ್ರದ ಇಂಕ್ ಚುಕ್ಕಿಗಳಾಗಿ ಬದಲಿಸುವ) ತಂತ್ರಾಂಶವೇ ಕಟ್ಟಿಕೊಳ್ಳುತ್ತದೆ.

ಸಬ್ಲಿಮೇಶನ್‌ನಲ್ಲಿ ಬಿಳಿ ಇಂಕೇ ಇಲ್ಲ. ಟ್ರಾನ್ಸ್‌ಫರ್ ಕಾಗದದಲ್ಲಿ ಅಚ್ಚಾದ ಚಿತ್ರವನ್ನು ಒತ್ತಿದಾಗ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಣ್ಣ ಅನಿಲವಾಗಿ ಪಾಲಿಯೆಸ್ಟರ್ ಒಳಗೆ ಇಳಿಯುತ್ತದೆ. ಹಾಗಾಗಿ ತಿಳಿ ಬಣ್ಣದ ಪಾಲಿಯೆಸ್ಟರ್ ಬಟ್ಟೆಯೋ ಪಾಲಿಮರ್ ಲೇಪನವಿರುವ ಮಗ್ಗೋ ಆಗಬೇಕು. ಬರಿಯ ಹತ್ತಿ ಬಟ್ಟೆಯಲ್ಲಿ ಬಣ್ಣ ನಿಲ್ಲದು. ಟ್ರಾನ್ಸ್‌ಫರ್ ಕಾಗದದ ಮೇಲೆ ಚಿತ್ರ ತಿರುವುಮುರುವಾಗಿ ಅಚ್ಚಾಗಬೇಕು. ಆ ಮಿರರ್ ನೀವು ಮಾಡುತ್ತೀರೋ ಮುದ್ರಕರು ಮಾಡುತ್ತಾರೋ ಮೊದಲೇ ಮಾತಾಡಿಕೊಳ್ಳಿ. ಇಬ್ಬರೂ ಮಾಡಿದರೆ ಮಗ್ ಮೇಲೆ ಅಕ್ಷರ ಉಲ್ಟಾ.

ಅಳತೆ, ಪಿಕ್ಸೆಲ್

ಆರ್ಟ್‌ಬೋರ್ಡ್ ಮುದ್ರಣದ ನಿಜ ಅಳತೆಯಲ್ಲೇ ಇರಲಿ. 10 ಇಂಚು ಅಗಲಕ್ಕೆ ಇಂಚಿಗೆ 300ರಂತೆ 3000 ಪಿಕ್ಸೆಲ್ ಬೇಕು. 600 ಪಿಕ್ಸೆಲ್‌ನ ಲೋಗೊ ಅದೇ ಅಗಲಕ್ಕೆ ಹಿಗ್ಗಿದರೆ ಇಂಚಿಗೆ ಸಿಗುವುದು 60 ಮಾತ್ರ. ಇಮೇಜ್ ಸೈಜ್‌ನಲ್ಲಿ 72 ಅಳಿಸಿ 300 ಎಂದು ಬರೆದರೆ ಗುಣಮಟ್ಟ ಬರುವುದಿಲ್ಲ. ರೀಸ್ಯಾಂಪಲ್ ಆಫ್ ಇದ್ದರೆ ಅದೇ 600 ಪಿಕ್ಸೆಲ್ 2 ಇಂಚಿಗೆ ಕುಗ್ಗುತ್ತದೆ. ಆನ್ ಇದ್ದರೆ ತಂತ್ರಾಂಶ ಊಹಿಸಿ ತುಂಬಿದ ಪಿಕ್ಸೆಲ್‌ಗಳು ಸೇರುತ್ತವೆ. ಲೋಗೊವನ್ನು ವೆಕ್ಟರ್‌ನಲ್ಲೇ ಕೇಳಿ. ಬಂದದ್ದು ಪಿಡಿಎಫ್ ಎಂದಮಾತ್ರಕ್ಕೆ ನಂಬಬೇಡಿ: ಔಟ್‌ಲೈನ್ ವ್ಯೂನಲ್ಲಿ ಅಕ್ಷರದ ಗೆರೆಗಳ ಬದಲು ಬರೀ ಒಂದು ಆಯತ ಕಂಡರೆ, ಒಳಗಿರುವುದು ಜೆಪಿಜಿಯೇ.

ಓವರ್‌ಪ್ರಿಂಟ್: ಇದನ್ನು ಎರಡು ಸಲ ಓದಿ

ಒಂದೇ ಆಯ್ಕೆ ಒಂದು ಬಿಳಿಯನ್ನು ಉಳಿಸುತ್ತದೆ, ಇನ್ನೊಂದು ಬಿಳಿಯನ್ನು ಮಾಯ ಮಾಡುತ್ತದೆ. ಗೊಂದಲ ಇಲ್ಲಿದೆ.

ಒಂದರ ಮೇಲೊಂದು ಆಕಾರ ಇಟ್ಟಾಗ, ಮೇಲಿನದು ಸುಮ್ಮನೆ ಬಿಟ್ಟರೆ ತನ್ನ ಅಡಿಯ ಇಂಕನ್ನು ಕತ್ತರಿಸಿ ತೆಗೆಯುತ್ತದೆ. ಇದು ನಾಕ್‌ಔಟ್. ಓವರ್‌ಪ್ರಿಂಟ್ ಹಾಕಿದರೆ ಕತ್ತರಿಸುವುದಿಲ್ಲ, ಎರಡೂ ಇಂಕ್ ಒಂದರ ಮೇಲೊಂದು ಬೀಳುತ್ತವೆ.

ಈಗ ನಾಲ್ಕೂ ಸೊನ್ನೆಯಾದ ಬಿಳಿಯನ್ನು ನೋಡಿ. ಅದು ತನ್ನದೆಂದು ಯಾವ ಇಂಕನ್ನೂ ಹಾಕುವುದಿಲ್ಲ. ಕೆಂಪು ಚೌಕದ ಮೇಲೆ ಬಿಳಿ ಅಕ್ಷರ ಕಾಣುವುದೇ, ಅದು ಅಡಿಯ ಕೆಂಪನ್ನು ಕತ್ತರಿಸಿದ್ದರಿಂದ. ಓವರ್‌ಪ್ರಿಂಟ್ ಹಾಕಿದ ಕೂಡಲೇ ಕತ್ತರಿಸುವ ಕೆಲಸ ನಿಲ್ಲುತ್ತದೆ, ಅಕ್ಷರವೇ ಇಲ್ಲವಾಗುತ್ತದೆ. ಬೇಕೆಂದು ಇದನ್ನು ಯಾರೂ ಮಾಡುವುದಿಲ್ಲ. ಕಪ್ಪು ಅಕ್ಷರಕ್ಕೆ ಹಿಂದೆಂದೋ ಹಾಕಿದ ಓವರ್‌ಪ್ರಿಂಟ್ ಹಾಗೇ ಉಳಿದಿರುತ್ತದೆ. ಆಮೇಲೆ ಬಣ್ಣ ಮಾತ್ರ ಬಿಳಿಗೆ ಬದಲಾಗುತ್ತದೆ. ಸಾಮಾನ್ಯ ನೋಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಸ್ಪಾಟ್ ಬಿಳಿಯ ಕಥೆ ಪೂರ್ತಿ ತಲೆಕೆಳಗು. ಅದು ನಿಜವಾದ ಇಂಕ್, ಅದಕ್ಕೆ ಅದರದೇ ಪ್ಲೇಟ್ (ಒಂದು ಇಂಕ್ ಎಲ್ಲೆಲ್ಲಿ ಬೀಳಬೇಕೆಂದು ತೋರಿಸುವ ಪದರ). ಕಪ್ಪು ಬಟ್ಟೆಯ ಮೇಲೆ ಕೆಂಪು ಕೆಂಪಾಗಿ ಕಾಣಬೇಕಾದರೆ ಅದರಡಿಯಲ್ಲಿ ಈ ಬಿಳಿ ಇರಬೇಕು, ಅದೇ ಅಂಡರ್‌ಬೇಸ್. ಬಿಳಿಯನ್ನು ಕೆಳಗಿಟ್ಟು ಮೇಲೆ ಕೆಂಪನ್ನು ಓವರ್‌ಪ್ರಿಂಟ್ ಇಲ್ಲದೆ ಇಟ್ಟರೆ, ಕೆಂಪು ಇರುವಲ್ಲೆಲ್ಲ ಬಿಳಿ ಪ್ಲೇಟ್‌ನಲ್ಲಿ ತೂತು ಬೀಳುತ್ತದೆ. ಕೆಂಪು ನೇರವಾಗಿ ಕಪ್ಪು ಬಟ್ಟೆಗೆ ತಾಗಿ ಕಂದಾಗುತ್ತದೆ.

ಸುಲಭದ ದಾರಿ ಇದು: ಸ್ಪಾಟ್ ಬಿಳಿಯ ಲೇಯರನ್ನು ಎಲ್ಲದರ ಮೇಲಿಟ್ಟು ಅದಕ್ಕೆ ಓವರ್‌ಪ್ರಿಂಟ್ ಹಾಕಿ. ಬಿಳಿ ಮೇಲಿದ್ದರೆ ಬಣ್ಣ ಮುಚ್ಚಿಹೋಗದೇ? ಇಲ್ಲ. ಲೇಯರ್‌ನ ಕ್ರಮ ಪ್ಲೇಟ್‌ನಲ್ಲಿ ಏನಿರಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತದೆ. ಯಾವ ಇಂಕ್ ಮೊದಲು ಬೀಳಬೇಕೆಂಬುದು ಯಂತ್ರದ ಬಳಿ ನಿರ್ಧಾರವಾಗುತ್ತದೆ, ಅದನ್ನು ಕೆಲಸದ ಚೀಟಿಯಲ್ಲಿ ಬರೆದುಕೊಡಿ. ಸ್ಪಾಟ್ ಬಿಳಿಗೆ ಮಾನಿಟರ್‌ನಲ್ಲಿ ಕಾಣಲೆಂದು ಗಾಢ ಮಜೆಂಟಾ ಕೊಡಿ, ಹೆಸರನ್ನು ಮುದ್ರಕರು ಹೇಳಿದ ಕಾಗುಣಿತದಲ್ಲೇ ಬರೆಯಿರಿ. ಒಂದಕ್ಷರ ತಪ್ಪಿದರೂ ರಿಪ್ ಅದನ್ನು ಬಿಳಿ ಎಂದು ಗುರುತಿಸದೆ ಆ ಮಜೆಂಟಾವನ್ನೇ ಮುದ್ರಿಸಬಹುದು.

ಪರೀಕ್ಷೆಗೆ ಇಲಸ್ಟ್ರೇಟರ್‌ನ ಸೆಪರೇಷನ್ಸ್ ಪ್ರಿವ್ಯೂ ಅಥವಾ ಅಕ್ರೊಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂ ತೆರೆದು, ಬಿಳಿ ಪ್ಲೇಟೊಂದನ್ನೇ ಬಿಟ್ಟು ಉಳಿದವನ್ನು ಆಫ್ ಮಾಡಿ. ಇಡೀ ಚಿತ್ರದ ನೆರಳಿನಂತೆ ತುಂಬಿದ ಆಕಾರ ಕಾಣಬೇಕು. ಬಣ್ಣಗಳ ಆಕಾರದಲ್ಲಿ ತೂತುಗಳಿದ್ದರೆ ನಾಕ್‌ಔಟ್ ಉಳಿದಿದೆ ಎಂದರ್ಥ. ಚಿತ್ರದಲ್ಲಿ ಕಪ್ಪು ಭಾಗಗಳಿದ್ದು ಬಟ್ಟೆಯೂ ಕಪ್ಪಾಗಿದ್ದರೆ ಅಲ್ಲಿ ಮಾತ್ರ ತೂತು ಬೇಕೇ ಬೇಕು: ಬಟ್ಟೆಯೇ ಕಪ್ಪಿನ ಕೆಲಸ ಮಾಡುತ್ತದೆ, ಮುದ್ರಣ ಮೆತ್ತಗಿರುತ್ತದೆ.

ಚೋಕ್

ಸ್ಕ್ರೀನ್‌ಗಳು ಕೂದಲೆಳೆಯಷ್ಟೂ ಸರಿಯದೆ ಕೂರುವುದಿಲ್ಲ, ಬಟ್ಟೆ ಬೇರೆ ಎಳೆದಾಡುತ್ತದೆ. ಬಿಳಿಯೂ ಬಣ್ಣವೂ ಒಂದೇ ಅಳತೆಯಲ್ಲಿದ್ದರೆ ಅಂಚಿನಲ್ಲಿ ಬಿಳಿ ಇಣುಕುತ್ತದೆ. ಅದಕ್ಕೇ ಬಿಳಿಯನ್ನು ಸುತ್ತಲೂ 0.2ರಿಂದ 0.35 ಮಿಲಿಮೀಟರ್ ಒಳಗೆ ಸರಿಸುತ್ತಾರೆ, ಇದೇ ಚೋಕ್. ಆಫ್‌ಸೆಟ್ ಪಾತ್‌ನಲ್ಲಿ ಮೈನಸ್ ಬೆಲೆ ಕೊಡಿ, ಅದಕ್ಕೂ ಮೊದಲು ಸ್ಟ್ರೋಕ್‌ಗಳನ್ನು ಎಕ್ಸ್‌ಪ್ಯಾಂಡ್ ಮಾಡಿ.

ತೆಳ್ಳನೆಯ ಗೆರೆಗಳಲ್ಲಿ ಲೆಕ್ಕ ಹಾಕಿ ನೋಡಿ: 0.5 ಮಿಲಿಮೀಟರ್ ಗೆರೆಗೆ ಎರಡೂ ಕಡೆ 0.2 ಹೋದರೆ ಬಿಳಿಗೆ ಉಳಿಯುವುದು 0.1. ಸ್ಕ್ರೀನ್ ಅದನ್ನು ಹಿಡಿಯುವುದಿಲ್ಲ. ಅಂಥ ಚಿಕ್ಕ ಅಕ್ಷರಗಳನ್ನು ಬಣ್ಣದಲ್ಲಿ ಹಟ ಹಿಡಿಯುವ ಬದಲು ಬಿಳಿ ಇಂಕ್ ಒಂದರಲ್ಲೇ ಹಾಕುವುದು ಎಷ್ಟೋ ಒಳ್ಳೆಯದು.

ಮಸುಕು ಅಂಚು, ನೆರಳು

ಅರೆಪಾರದರ್ಶಕ ಪಿಕ್ಸೆಲ್‌ಗಳು ಡಿಟಿಎಫ್‌ಗೆ ಶತ್ರು. ಮೃದು ನೆರಳಿನ ಅಡಿಯಲ್ಲೂ ಬಿಳಿ ಬೀಳುವುದರಿಂದ ಕಪ್ಪು ಬಟ್ಟೆಯ ಮೇಲೆ ನೆರಳಿನ ಬದಲು ಬೂದುಬಣ್ಣದ ಮಬ್ಬು ಕಾಣುತ್ತದೆ. ಬಿಳಿ ತೀರಾ ಚಿಕ್ಕ ಚುಕ್ಕಿಗಳಾದಲ್ಲಿ ಅಂಟುಪುಡಿ ಹಿಡಿಯದೆ ಆ ಭಾಗ ಎದ್ದುಬರುತ್ತದೆ. ಅಂಚನ್ನು ಗಟ್ಟಿಯಾಗಿ ಕತ್ತರಿಸಿ, ಇಲ್ಲವೇ ನೆರಳನ್ನು ಹಾಫ್‌ಟೋನ್ ಮಾಡಿ (ಪುಡಿ ಹಿಡಿಯುವಷ್ಟು ದೊಡ್ಡ ಗಟ್ಟಿ ಚುಕ್ಕಿಗಳಾಗಿ ಒಡೆಯಿರಿ). ಫೋಟೊಶಾಪ್‌ನಲ್ಲಿ ಕಡುಹಸಿರಿನ ಲೇಯರೊಂದನ್ನು ಅಡಿಗಿಟ್ಟು ನೋಡಿದರೆ ಹಿನ್ನೆಲೆ ತೆಗೆದಾಗ ಉಳಿದ ಕೊಳೆಯೆಲ್ಲ ಕಣ್ಣಿಗೆ ಬೀಳುತ್ತದೆ.

ಸ್ಕ್ರೀನ್ ಪ್ರಿಂಟಿಂಗ್‌ನ ಹಾಫ್‌ಟೋನ್‌ಗೆ ಬಟ್ಟೆಯ ಮೇಲೆ 45ರಿಂದ 55 ಎಲ್‌ಪಿಐ (ಇಂಚಿಗೆ ಚುಕ್ಕಿಗಳ ಸಾಲು) ರೂಢಿ. ಮೆಶ್ ಎಣಿಕೆ (ಜಾಲರಿಯಲ್ಲಿ ಇಂಚಿಗಿರುವ ಎಳೆಗಳು) ಅದರ ನಾಲ್ಕೈದು ಪಟ್ಟು ಇರಬೇಕು. 45ಕ್ಕೆ 230 ಮೆಶ್ ಹೊಂದುತ್ತದೆ.

ಉಳಿದವು, ಚುಟುಕಾಗಿ

ಪ್ಯಾಂಟೋನ್ ಬಣ್ಣಪಟ್ಟಿಯ 186 ಸಿ (ಲೇಪನವಿರುವ ಕಾಗದಕ್ಕೆ) ಮತ್ತು 186 ಯು (ಲೇಪನವಿಲ್ಲದ ಕಾಗದಕ್ಕೆ) ಎರಡೂ ಒಂದೇ ಫೈಲ್‌ನಲ್ಲಿದ್ದರೆ ಒಂದೇ ಕೆಂಪಿಗೆ ಎರಡು ಪ್ಲೇಟ್ ಬರುತ್ತವೆ. ಸ್ವಾಚ್‌ಗಳನ್ನು ಒಂದಾಗಿಸಿ.

ಪೆನ್ನಿನ ಪ್ಯಾಡ್ ಪ್ರಿಂಟಿಂಗ್‌ನಲ್ಲಿ (ಮೆತ್ತನೆಯ ಪ್ಯಾಡ್‌ನಿಂದ ಇಂಕ್ ಎತ್ತಿ ಒತ್ತುವ ವಿಧಾನ) ಗೆರೆ 0.2 ಮಿಲಿಮೀಟರ್‌ಗಿಂತ ತೆಳ್ಳಗಿರದಿರಲಿ, ಬಣ್ಣದ ನಡುವೆ ಖಾಲಿ ಬಿಟ್ಟ ಗೆರೆ 0.3ಕ್ಕಿಂತ ಕಡಿಮೆಯಾದರೆ ಇಂಕ್ ಹರಡಿ ಮುಚ್ಚಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಗಳು ಮೊದಲು ಕೂಡಿಕೊಳ್ಳುವುದು ಇಲ್ಲೇ.

ಕಸೂತಿಗೆ ನಿಮ್ಮ ವೆಕ್ಟರ್ ಬರೀ ನಕ್ಷೆ. ಅದನ್ನು ಡಿಜಿಟೈಸ್ ಮಾಡಿ ಡಿಎಸ್‌ಟಿಯಂಥ ಹೊಲಿಗೆ ಫೈಲ್ ಮಾಡಬೇಕು. ಅಕ್ಷರದ ಎತ್ತರ 5 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದಾರ ಗಂಟುಗಂಟಾಗುತ್ತದೆ.

ಫಾಂಟ್‌ಗಳನ್ನು ಔಟ್‌ಲೈನ್ ಮಾಡಿ, ತಿದ್ದಲು ಬರುವ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ನೋಟಕ್ಕೆಂದು ಅಡಿಯಲ್ಲಿಟ್ಟ ಕಪ್ಪು ಆಯತವನ್ನು ಕಳಿಸುವ ಮುನ್ನ ಅಳಿಸಿ. ಲಾಕ್ ಮಾಡಿದರೆ ಸಾಲದು, ಲಾಕ್ ಆದ ಲೇಯರೂ ಪ್ಲೇಟ್‌ಗೆ ಹೋಗುತ್ತದೆ.