ಡಿಮ್ಮರ್: ರಂಗದ ಬೆಳಕನ್ನು ಏರಿಳಿಸುವ ಸಾಧನ

ರಂಗದ ದೀಪವನ್ನು ನಿಧಾನವಾಗಿ ಏರಿಸಿ, ಇಳಿಸಿ, ಬೇಕಾದ ಪ್ರಖರತೆಯಲ್ಲಿ ನಿಲ್ಲಿಸುವ ವಿದ್ಯುತ್ ಸಾಧನವೇ ಡಿಮ್ಮರ್. ಧಾರವಾಡದ ಸೃಜನಾ ರಂಗಮಂದಿರದಂಥ ಕಡೆ ಬೆಳಕಿನವರು ಕೈಯಾಡಿಸುವ ಕನ್ಸೋಲನ್ನೇ (ನಿಯಂತ್ರಣದ ಮೇಜು) ಡಿಮ್ಮರ್ ಎಂದು ತಿಳಿಯುವವರಿದ್ದಾರೆ. ಆದರೆ ಕನ್ಸೋಲ್ ಆಜ್ಞೆಯನ್ನಷ್ಟೇ ಕಳಿಸುತ್ತದೆ. ದೀಪದ ಕರೆಂಟನ್ನು ಹೊರುವುದು ಡಿಮ್ಮರ್ ಪ್ಯಾಕ್, ಅಂದರೆ ಹಲವು ಡಿಮ್ಮರ್ ಕೂರಿಸಿದ ಪೆಟ್ಟಿಗೆ.

ಹಿಂದೆ ದೀಪದ ಸಾಲಿನಲ್ಲಿ ರೆಸಿಸ್ಟೆನ್ಸ್ ಕೂರಿಸಿ, ಕೆಲವೊಮ್ಮೆ ಉಪ್ಪುನೀರಿನ ಪಾತ್ರೆಯಲ್ಲಿ ಲೋಹದ ತಟ್ಟೆ ಇಳಿಬಿಟ್ಟು ಬೆಳಕು ತಗ್ಗಿಸುತ್ತಿದ್ದರು. ಉಳಿದ ವಿದ್ಯುತ್ತೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಇಂದಿನ ಡಿಮ್ಮರ್‌ನಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ ಸ್ವಿಚ್‌ಗಳಾದ ಥೈರಿಸ್ಟರ್ ಅಥವಾ ಟ್ರಯಾಕ್‌ನದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಅರ್ಧ ಆವರ್ತಗಳಿದ್ದು, ಪ್ರತಿಯೊಂದರಲ್ಲೂ ಸ್ವಲ್ಪ ತಡೆದು ಕರೆಂಟ್ ಬಿಟ್ಟರೆ ಅಷ್ಟರಮಟ್ಟಿಗೆ ದೀಪ ಮಂದವಾಗುತ್ತದೆ. ಅರ್ಧ ಆವರ್ತದ ನಟ್ಟನಡುವೆ ಬಿಟ್ಟರೆ 230 ವೋಲ್ಟ್ ಬದಲು ಸುಮಾರು 163 ವೋಲ್ಟಿನ ಪರಿಣಾಮ ಸಿಗುತ್ತದೆ. ಹ್ಯಾಲೊಜೆನ್ ದೀಪದ ಬೆಳಕು ಮಾತ್ರ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿಯುತ್ತದೆ, ಏಕೆಂದರೆ ತಂತಿ ತಣ್ಣಗಾದಂತೆ ಬೆಳಕು ಕಡಿಮೆಯಾಗುವುದಲ್ಲದೆ ಕೆಂಪಿಗೂ ತಿರುಗುತ್ತದೆ. ಸಂಜೆಯ ದೃಶ್ಯಕ್ಕೆ ಇದೇ ಸೊಗಸು; ಬೆಳದಿಂಗಳಿಗೆಂದು ದೀಪದ ಮುಂದೆ ನೀಲಿ ಜೆಲ್ (ಬಣ್ಣದ ತೆಳು ಹಾಳೆ) ಹಾಕಿ ತೀರಾ ಇಳಿಸಿದರೆ ಮಾತ್ರ, ಕೆಂಪಾದ ಬೆಳಕಿನಲ್ಲಿ ನೀಲಿಯೇ ಉಳಿಯದೆ ರಂಗ ಕಳೆಗುಂದುತ್ತದೆ. ಇದನ್ನು ತಾಲೀಮಿನಲ್ಲೇ ನೋಡಿಕೊಳ್ಳಬೇಕು.

ಹೀಗೆ ಕತ್ತರಿಸಿದ ಕರೆಂಟು ಥಟ್ಟನೆ ಏರುವುದರಿಂದ ದೀಪದ ತಂತಿ ಗುಂಯ್‌ಗುಡುತ್ತದೆ, ಮೈಕಿನಲ್ಲೂ ಸದ್ದು ಸೇರುತ್ತದೆ. ಡಿಮ್ಮರ್ ಒಳಗಿನ ಚೋಕ್ ಎಂಬ ತಂತಿಸುರುಳಿ ಆ ಏರಿಕೆಯನ್ನು ತಗ್ಗಿಸುತ್ತದೆ. ಅಗ್ಗದ ಪ್ಯಾಕ್‌ಗಳಲ್ಲಿ ಚೋಕ್ ಚಿಕ್ಕದಿರುತ್ತದೆ, ಸದ್ದು ದೊಡ್ಡದಿರುತ್ತದೆ. ಗದಗ, ಹಾವೇರಿ ಕಡೆಯ ಬಯಲು ರಂಗದಲ್ಲಿ ಮೂರು ಫೇಸಿನ ಜನರೇಟರ್ ಮೇಲೆ ನಾಟಕವಾಡಿಸುವಾಗ ಕರೆಂಟ್ ಹಿಂತಿರುಗುವ ನ್ಯೂಟ್ರಲ್ ತಂತಿಯನ್ನು ಸಣ್ಣದು ಹಾಕಬಾರದು. ಫೇಸ್‌ಗಳ ಲೋಡ್ ಸಮವಾಗಿದ್ದರೂ ಕತ್ತರಿಸಿದ ಕರೆಂಟಿನ ಒಂದು ಪಾಲು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಆ ತಂತಿ ಕಾದು ಕಡಿದುಹೋದರೆ ಕಡಿಮೆ ಲೋಡಿನ ಫೇಸಿನ ಸಾಧನಗಳ ಮೇಲೆ 230ಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬಿದ್ದು ಅವು ಸುಟ್ಟುಹೋಗುತ್ತವೆ. ಇನ್ನು ಲೆಕ್ಕ: 1000 ವ್ಯಾಟ್ ದೀಪ ಸುಮಾರು 4.3 ಆಂಪಿಯರ್ ಎಳೆಯುವುದರಿಂದ ಪ್ಯಾಕಿನ 10 ಆಂಪಿಯರ್ ಚಾನೆಲ್‌ಗೆ (ಒಂದು ಡಿಮ್ಮರ್‌ನ ಸಾಲು) ಎರಡು ದೀಪ ಸರಿ, ಮೂರನೆಯದು ಬೇಡ.

ಎಲ್‌ಇಡಿ ಪಾರ್ (ಡಬ್ಬಿಯಾಕಾರದ ಎಲ್‌ಇಡಿ ದೀಪ) ಮತ್ತು ಮೂವಿಂಗ್ ಹೆಡ್‌ಗಳನ್ನು (ತಾನೇ ತಿರುಗುವ ದೀಪ) ಡಿಮ್ಮರ್ ಚಾನೆಲ್‌ಗೆ ಜೋಡಿಸಲೇಬಾರದು. ಅವುಗಳಿಗೆ ನೇರ ವಿದ್ಯುತ್ ಕೊಡಬೇಕು. ಪ್ರಖರತೆಯ ಆಜ್ಞೆ ಕನ್ಸೋಲಿನಿಂದ ಡಿಎಂಎಕ್ಸ್ 512 ಎಂಬ ಡಿಜಿಟಲ್ ಸಂಕೇತದ ಕೇಬಲ್‌ನಲ್ಲಿ 0ರಿಂದ 255ರವರೆಗಿನ ಅಂಕಿಯಾಗಿ ಹೋಗುತ್ತದೆ. ರಂಗಸಜ್ಜಿಕೆಯಲ್ಲಿ ಉರಿಯಬೇಕಾದ ಚಿಕ್ಕ ಎಲ್‌ಇಡಿ ಬಲ್ಬನ್ನು ಡಿಮ್ಮರ್‌ನಿಂದಲೇ ನಡೆಸುವುದು ಅನಿವಾರ್ಯವಾದರೆ, ಡಿಮ್ ಮಾಡಬಲ್ಲ ಬಲ್ಬನ್ನೇ ತಂದು, ಅದೇ ಚಾನೆಲ್‌ಗೆ ಒಂದು ಹ್ಯಾಲೊಜೆನ್ ದೀಪವನ್ನು ಪರದೆಯಿಂದ ದೂರ, ಪ್ರೇಕ್ಷಕರಿಗೆ ಕಾಣದ ಕಡೆ ಜೋಡಿಸುತ್ತಾರೆ. ಟ್ರಯಾಕ್ ಹಿಡಿದು ನಿಲ್ಲಲು ಬೇಕಾದ ಕನಿಷ್ಠ ಕರೆಂಟ್ ಅದರಿಂದ ಸಿಕ್ಕಿ, ಬಲ್ಬಿನ ಮಿಣುಕಾಟ ಬಹುಮಟ್ಟಿಗೆ ನಿಲ್ಲುತ್ತದೆ.