ಪದ ಪರಿಚಯ: ಸಾಮಾಜಿಕ ಅಂತರ ಮಾಪಕ

ಕೊರೊನಾ ಕಾಲದಲ್ಲಿ ಅಂಗಡಿಗಳ ಮುಂದೆ ಬಳಿದ ಬಿಳಿ ವೃತ್ತಗಳಿಂದಾಗಿ ‘ಸಾಮಾಜಿಕ ಅಂತರ’ ಎಲ್ಲರ ಬಾಯಲ್ಲೂ ಬಂತು. ಸಮಾಜಶಾಸ್ತ್ರದವರನ್ನು ಕೇಳಿದರೆ, ಅದು ಬರೀ ದೈಹಿಕ ಅಂತರ. ಅವರ ‘ಸಾಮಾಜಿಕ ಅಂತರ’ ಅಡಿ, ಮೀಟರುಗಳ ಲೆಕ್ಕದ್ದಲ್ಲ. ಒಂದು ಸಮುದಾಯದವರನ್ನು ನಮ್ಮ ಬದುಕಿನ ಎಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತೇವೆ ಎಂಬುದೇ ಅಲ್ಲಿನ ಅಳತೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ 1920ರ ದಶಕದಲ್ಲಿ ಇದಕ್ಕೊಂದು ಮಾಪಕ ರೂಪಿಸಿದರು. ಅದರಲ್ಲಿ ಏಳು ಮೆಟ್ಟಿಲು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಆ ಜನರೊಂದಿಗೆ ಹೆಣ್ಣು ಕೊಟ್ಟು ತರುವ ಸಂಬಂಧ ಆದೀತೇ? ಆಪ್ತ ಗೆಳೆಯರಾಗಿ ಆದೀತೇ? ನಿಮ್ಮ ಬೀದಿಯಲ್ಲಿ ನೆರೆಮನೆಯವರಾಗಿ? ನಿಮ್ಮದೇ ಕಸುಬಿನಲ್ಲಿ ಜೊತೆಗಾರರಾಗಿ? ದೇಶದ ಪ್ರಜೆಗಳಾಗಿ? ಬಂದುಹೋಗುವ ಪ್ರವಾಸಿಗರಾಗಿ ಮಾತ್ರವೇ? ಇಲ್ಲಾ, ದೇಶದೊಳಕ್ಕೇ ಬೇಡವೇ? ಬೀಗರಾಗಲು ಒಪ್ಪಿದವರು ನೆರೆಮನೆಗೆ ಬೇಡ ಎನ್ನುವುದಿಲ್ಲ ಎಂಬುದು ಮಾಪಕದ ತರ್ಕ. ಹಾಗಾಗಿ ಯಾರು ಯಾವ ಮೆಟ್ಟಿಲಲ್ಲಿ ‘ಸಾಕು, ಇಷ್ಟೇ’ ಎನ್ನುತ್ತಾರೋ ಅದೇ ಅವರ ಅಂಕ. ‘ಅವರ ಬಗ್ಗೆ ಏನನ್ನಿಸುತ್ತೆ?’ ಎಂದರೆ ‘ಅವರೂ ಮನುಷ್ಯರೇ ಅಲ್ವಾ’ ಎನ್ನುವವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಬಾಡಿಗೆ ಮನೆ, ಮದುವೆ ಎಂದಾಗಲೇ ಒಳಗಿನ ಮಾತು ಹೊರಬರುವುದು.

ಯುರೋಪಿನಲ್ಲಿ ರೋಮಾ ಜನರ ಬಗೆಗಿನ ಮನೋಭಾವವನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಬೇಗ ಕೈಗೆಟಕುವ ಸಾಧನಗಳಲ್ಲಿ ಇದೂ ಒಂದು. ರೋಮಾಗಳ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೋದವರು. ಅವರ ಭಾಷೆಯಲ್ಲಿ ಎಣಿಕೆ ಇವತ್ತಿಗೂ ಯೇಕ್, ದುಯಿ, ತ್ರಿನ್ ಎಂದೇ ಶುರುವಾಗುತ್ತದೆ. ಯುರೋಪಿನಲ್ಲಿ ಈಗ ಒಂದು ಕೋಟಿಗೂ ಹೆಚ್ಚು ರೋಮಾಗಳಿದ್ದಾರೆಂಬ ಅಂದಾಜಿದೆ. ಇಂದಿನ ರೊಮೇನಿಯಾದ ಭಾಗಗಳಲ್ಲಿ 1850ರ ದಶಕದವರೆಗೂ ಅವರು ಗುಲಾಮರಾಗಿದ್ದರು. ನಾಜಿಗಳು ಅವರನ್ನು ಲಕ್ಷಗಟ್ಟಲೆ ಕೊಂದರು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2019ರ ಸಮೀಕ್ಷೆಯಲ್ಲಿ ರೋಮಾಗಳ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದ ಇಟಲಿಯವರು ಶೇ. 83.

ಈ 83 ಬೆಚ್ಚಿಬೀಳಿಸುವ ಅಂಕಿ, ನಿಜ. ಆದರೆ ಅಸಮಾಧಾನ ಎಲ್ಲಿ ಬಾಗಿಲು ಹಾಕುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹೇಳುವುದು ಮೆಟ್ಟಿಲು. ಚೆಕ್ ದೇಶದ ಊಸ್ತಿ ನಾದ್ ಲಾಬೆಮ್ ನಗರದ ಮಾತಿಚ್ನಿ ಬೀದಿಯಲ್ಲಿ 1999ರ ಅಕ್ಟೋಬರಿನಲ್ಲಿ ಒಂದು ಗೋಡೆ ಎದ್ದಿತು. ಒಂದು ಬದಿ ರೋಮಾ ಕುಟುಂಬಗಳಿದ್ದ ವಸತಿ ಕಟ್ಟಡಗಳು, ಇನ್ನೊಂದು ಬದಿ ಉಳಿದವರ ಮನೆಗಳು. ಗದ್ದಲ, ಕಸದ ದೂರುಗಳು ಅದಕ್ಕೆ ಕೊಟ್ಟ ಕಾರಣ. ದೇಶವಿದೇಶಗಳಿಂದ ಆಕ್ಷೇಪ ಬಂದ ಮೇಲೆ ಮರುತಿಂಗಳೇ ಕೆಡವಿದರು. ಅಲ್ಲಿ ತಕರಾರು ಇದ್ದದ್ದು ಮದುವೆಯ ಮೆಟ್ಟಿಲಲ್ಲಲ್ಲ, ನೆರೆಮನೆಯ ಮೆಟ್ಟಿಲಲ್ಲಿ.

ಮಾಪಕವನ್ನು ಇದ್ದಂತೆಯೇ ಎತ್ತಿ ಬಳಸಿದರೆ ಎಡವಟ್ಟಾಗುತ್ತದೆ. ಬೊಗಾರ್ಡಸ್ ಪಟ್ಟಿ ಮಾಡಿದ್ದು ವಲಸೆ ಬಂದವರಿಂದ ತುಂಬಿದ ಅಮೆರಿಕಕ್ಕೆ. ಶತಮಾನಗಳಿಂದ ಅಲ್ಲೇ ಹುಟ್ಟಿ ಬೆಳೆದ ರೋಮಾಗಳ ಬಗ್ಗೆ ‘ಪ್ರವಾಸಿಗರಾಗಿ ಬರಬಹುದೇ?’ ಎಂದು ಕೇಳಿದರೆ, ಅವರು ಹೊರಗಿನವರೆಂದು ಪ್ರಶ್ನೆಯೇ ತೀರ್ಮಾನಿಸಿಬಿಟ್ಟಂತಾಗುತ್ತದೆ. ಅದರ ಬದಲು ‘ನಿಮ್ಮ ಮಗುವಿನ ತರಗತಿಯಲ್ಲಿ ರೋಮಾ ಮಕ್ಕಳಿದ್ದರೆ?’ ಎಂದು ಕೇಳುವುದು ವಾಸಿ. ಚೆಕ್ ದೇಶದ ಒಸ್ಟ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ವಿಶೇಷ ಶಾಲೆಗಳಿಗೆ ಹಾಕುತ್ತಿದ್ದುದು ತಾರತಮ್ಯ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿತು. ಶಾಲೆಯ ಮೆಟ್ಟಿಲು ಅಲ್ಲಿ ನಿಜಕ್ಕೂ ಸುಡುವ ಮೆಟ್ಟಿಲು.

ಪ್ರಶ್ನೆಗಳ ಸರದಿಯೂ ಮುಖ್ಯ. ಮೊದಲು ಕಳ್ಳತನದ ಬಗ್ಗೆ ಕೇಳಿ ಆಮೇಲೆ ನೆರೆಮನೆಯ ಪ್ರಶ್ನೆ ಇಟ್ಟರೆ ಉತ್ತರ ನಾವೇ ಬರೆದುಕೊಟ್ಟ ಹಾಗೆ. ಗೂಗಲ್ ಫಾರ್ಮನ್ನು ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹಾಕಿ, ಬಂದ ಉತ್ತರಗಳ ಮೇಲೆ ‘ಚೆಕ್ ಜನರ ಮನೋಭಾವ’ ಎಂದು ಶೀರ್ಷಿಕೆ ಕೊಡುವುದಂತೂ ಕೂಡದು. ಅದು ಆ ಗುಂಪಿನ ಮನೋಭಾವ, ಅಷ್ಟೇ.

ಇನ್ನೊಂದು ಸೂಕ್ಷ್ಮವಿದೆ, ನನಗೆ ಇದೇ ಹೆಚ್ಚು ಸ್ವಾರಸ್ಯದ್ದು. ಹಂಗೇರಿಯ ತಾರ್ಕಿ ಎಂಬ ಸಂಶೋಧನಾ ಸಂಸ್ಥೆ 2006ರ ಸಮೀಕ್ಷೆಯಲ್ಲಿ, ಆಶ್ರಯ ಕೋರಿ ಬರುವ ಬೇರೆಬೇರೆ ಜನರ ಪಟ್ಟಿಯಲ್ಲಿ ‘ಪಿರೇಜ್’ ಎಂಬ ಹೆಸರನ್ನೂ ಸೇರಿಸಿತು. ಭೂಮಿಯ ಮೇಲೆ ಅಂಥ ಜನಾಂಗವೇ ಇಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಅವರನ್ನು ಒಳಗೆ ಬಿಡಬಾರದು ಎಂದರು! ಅಂದಮೇಲೆ ರೋಮಾಗಳ ಬಗ್ಗೆ ಬಂದ ‘ಬೇಡ’ಗಳಲ್ಲಿ ಒಂದು ಪಾಲು, ಬೇರೆ ಯಾರು ಬಂದರೂ ಬೇಡ ಎನ್ನುವವರದ್ದಿರಬಹುದು. ಪ್ರಬಂಧದ ಪ್ರಶ್ನಾವಳಿಯಲ್ಲಿ ಇನ್ನೂ ಎರಡು ಮೂರು ಸಮುದಾಯಗಳ ಜೊತೆ ಹೀಗೊಂದು ಹುಸಿ ಹೆಸರನ್ನೂ ಇಟ್ಟರೆ, ಎಲ್ಲರ ಮೇಲಿನ ಅನುಮಾನ ಎಷ್ಟು, ರೋಮಾಗಳಿಗೆಂದೇ ಮೀಸಲಾದದ್ದು ಎಷ್ಟು ಎಂದು ಅಂದಾಜಿಸಬಹುದು. ಗೈಡ್ ಒಪ್ಪಬೇಕು, ಪ್ರಶ್ನಾವಳಿ ಮುಗಿದ ಮೇಲೆ ಆ ಹೆಸರು ಕಟ್ಟಿದ್ದೆಂದು ಉತ್ತರಿಸಿದವರಿಗೆ ತಿಳಿಸಲೂ ಬೇಕು.

ಉತ್ತರಿಸುವವರಲ್ಲೇ ರೋಮಾಗಳು ಇರಬಹುದು ಎಂಬುದನ್ನು ಅನೇಕ ಪ್ರಶ್ನಾವಳಿಗಳು ಮರೆತೇಬಿಡುತ್ತವೆ. ‘ನೀವು ಯಾವ ಸಮುದಾಯದವರು?’ ಎಂಬ ಪ್ರಶ್ನೆ ಬೇಕೇ ಬೇಕು ಎನಿಸಿದರೆ ಮೊದಲು ಕಾನೂನು ನೋಡಿಕೊಳ್ಳಿ: ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮದಲ್ಲಿ ಜನಾಂಗೀಯ ಮೂಲದ ವಿವರಕ್ಕೆ ವಿಶೇಷ ರಕ್ಷಣೆಯಿದೆ. ಹೆಸರು, ಇಮೇಲ್ ವಿಳಾಸದ ಜೊತೆಗೆ ಇದನ್ನೂ ಸಂಗ್ರಹಿಸುವುದಾದರೆ ಸಾಮಾನ್ಯವಾಗಿ ಉತ್ತರಿಸುವವರ ಸ್ಪಷ್ಟ ಒಪ್ಪಿಗೆ ಪಡೆಯಬೇಕು.