ನಿಮ್ಮ ಶೇಡ್ ಯಾವುದು? ಯಂತ್ರಕ್ಕೂ ಗೊಂದಲ ಯಾಕೆ

ಮೈಬಣ್ಣಕ್ಕೆ ಹೊಂದುವ ಫೌಂಡೇಶನ್, ಅಂದರೆ ಮುಖಕ್ಕೆ ಹಚ್ಚುವ ಬಣ್ಣದ ಲೇಪ, ಯಾವ ಶೇಡ್‌ನದು ಅಂತ ಹೇಳುವ ಒಂದು ಆಪ್‌ಗೆ ನಾನು ಎರಡು ಸಲ ಮುಖ ತೋರಿಸಿದೆ. ಕಿಟಕಿ ಪಕ್ಕ ನಿಂತಾಗ ಒಂದು ಶೇಡ್ ಹೇಳಿತು, ಟ್ಯೂಬ್‌ಲೈಟ್ ಕೆಳಗೆ ಇನ್ನೊಂದು. ನಡುವೆ ಐದು ನಿಮಿಷವೂ ಕಳೆದಿರಲಿಲ್ಲ. ಅಷ್ಟರಲ್ಲಿ ನನ್ನ ಮೈಬಣ್ಣವಂತೂ ಬದಲಾಗಿಲ್ಲ. ನಿಮ್ಮ ಚರ್ಮಕ್ಕೆಂದೇ ಬೆರೆಸಿದ ಫೌಂಡೇಶನ್ ಅನ್ನುವ ಮಾತು ಈಗ ಎಲ್ಲೆಲ್ಲೂ ಕೇಳಿಸುತ್ತದೆ. ಜೊತೆಗೆ ಸ್ಕ್ಯಾನರ್, ಎಐ, ಅಂಡರ್‌ಟೋನ್, ಸ್ಕೇಲ್ ಅಂತ ನೂರೆಂಟು ಪದ. ಯಾವುದು ಎಲ್ಲಿಂದ ಬಂತು, ಯಾವುದು ಏನನ್ನು ಅಳೆಯುತ್ತದೆ ಅನ್ನುವುದನ್ನು ಒಂದೊಂದೇ ಎಳೆಯಾಗಿ ಬಿಡಿಸಿ ನೋಡೋಣ.

ಮೊದಲು ಚರ್ಮದ ವಿಷಯ. ಗೋಡೆಯ ಪೇಂಟಿನ ಹಾಗೆ ಮೈಬಣ್ಣ ಬರೀ ಮೇಲ್ಗಡೆ ಇರುವುದಲ್ಲ. ಬೆಳಕು ಚರ್ಮದ ಒಳಗೆ ಹೋಗಿ, ಚದುರಿ, ಸ್ವಲ್ಪ ಮಾತ್ರ ಹೊರಗೆ ಬರುತ್ತದೆ. ಒಳಗಿರುವ ಮೆಲನಿನ್ ಕಂದು ಛಾಯೆ ಕೊಡುತ್ತದೆ, ರಕ್ತದ ಹಿಮೋಗ್ಲೋಬಿನ್ ಕೆಂಪು, ಕ್ಯಾರೊಟೀನ್ ಹಳದಿ. ಈ ಮೂರರ ಹೆಚ್ಚುಕಮ್ಮಿಯಿಂದ ಬರುವ ಒಳಛಾಯೆಯನ್ನೇ ಅಂಡರ್‌ಟೋನ್ ಅನ್ನುತ್ತಾರೆ. ಒಬ್ಬರದೇ ಮುಖದಲ್ಲಿ ಹಣೆಯ ಬಣ್ಣ ಬೇರೆ, ಕೆನ್ನೆಯದು ಬೇರೆ, ಕುತ್ತಿಗೆಯದು ಇನ್ನೂ ಬೇರೆ. ಬಾಟಲಿಯ ಕಡೆ ನೋಡಿದರೆ ಸಾಮಗ್ರಿ ಆಶ್ಚರ್ಯ ಪಡುವಷ್ಟು ಕಮ್ಮಿ. ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್, ಮತ್ತು ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹೆಚ್ಚಿನ ಫೌಂಡೇಶನ್‌ಗಳ ಬಣ್ಣ ಈ ನಾಲ್ಕರ ಬೆರಕೆ, ಅಷ್ಟೇ. ಅದರಲ್ಲಿ ಆ ಬಿಳಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮೈಬಣ್ಣ ಅಳೆಯುವ ಆಸೆ ಸೌಂದರ್ಯ ಸಾಧನಗಳ ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಫೆಲಿಕ್ಸ್ ಫಾನ್ ಲುಶಾನ್ ಎಂಬ ಮಾನವಶಾಸ್ತ್ರಜ್ಞ 36 ಗಾಜಿನ ಬಿಲ್ಲೆಗಳನ್ನು ಮಾಡಿಸಿದ್ದರು. ಬಿಸಿಲು ಬೀಳದ ಜಾಗದ ಚರ್ಮಕ್ಕೆ ಬಿಲ್ಲೆ ಹಿಡಿದು ಯಾವುದು ಹೋಲುತ್ತದೆ ಅಂತ ನೋಡುವುದು. ಜನರನ್ನು ಜನಾಂಗಗಳಾಗಿ ವಿಂಗಡಿಸಲು ಅದನ್ನು ಬಳಸಿದರು. ಆಮೇಲೆ ಸಿನಿಮಾ ಬಂತು. ಬಣ್ಣದ ಸಿನಿಮಾ ತೆಗೆಯುವ ಟೆಕ್ನಿಕಲರ್ ಕ್ಯಾಮೆರಾ ಮುಂದೆ ಹಳೆಯ ಮೇಕಪ್ ಮಿರಮಿರ ಹೊಳೆಯುತ್ತಿತ್ತು. ಅದಕ್ಕಾಗಿ 1930ರ ದಶಕದ ಕೊನೆಗೆ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಪ್ಯಾನ್‌ಕೇಕ್ ಎಂಬ ಮೇಕಪ್ ತಂದಿತು, ಅದು ತೆರೆಯಿಂದ ಮನೆಮನೆಗೂ ಬಂತು. 1973ರಲ್ಲಿ ಯೂನಿಸ್ ಜಾನ್ಸನ್ ಕಪ್ಪು ಮಹಿಳೆಯರಿಗೆಂದೇ ಫ್ಯಾಷನ್ ಫೇರ್ ಎಂಬ ಮೇಕಪ್ ಬ್ರ್ಯಾಂಡ್ ಆರಂಭಿಸಿದರು. 1979ರಲ್ಲಿ ಬಂದ ಪ್ರಿಸ್ಕ್ರಿಪ್ಟಿವ್ಸ್ ಎಂಬ ಬ್ರ್ಯಾಂಡ್ ಕೌಂಟರ್‌ನಲ್ಲೇ ಬೆರೆಸಿಕೊಡುವುದಕ್ಕೆ ಹೆಸರಾಯಿತು. ಅಳತೆಗೋಲು ಅಂದರೆ ಅಲ್ಲಿ ನಿಂತವರ ಕಣ್ಣು.

ಇದೇ ಹೊತ್ತಿಗೆ ಬೇರೆ ಕಡೆ ಎರಡು ಕೆಲಸ ನಡೆದವು. ಇವತ್ತಿನ ಗೋಜಲಿನ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ.

ಒಂದು, 1975ರಲ್ಲಿ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಮಾಡಿದ ವಿಂಗಡಣೆ. ಬೆಳಕಿನ ಚಿಕಿತ್ಸೆಯಲ್ಲಿ ಯಾರಿಗೆ ಎಷ್ಟು ಡೋಸ್ ಕೊಡಬಹುದು ಅಂತ ತಿಳಿಯಲು ಅದು ಬೇಕಿತ್ತು. ಬಿಸಿಲಿಗೆ ನಿಮ್ಮ ಚರ್ಮ ಸುಡುತ್ತದೆಯೋ, ಕಂದುತ್ತದೆಯೋ ಅನ್ನುವುದೇ ಮುಖ್ಯ ಪ್ರಶ್ನೆ. ಶುರುವಿನಲ್ಲಿ ಇದ್ದದ್ದು ನಾಲ್ಕೇ ವರ್ಗ, ಅವು ಬಿಳಿ ಚರ್ಮದವರಿಗೆ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೆಯ ವರ್ಗ ಆಮೇಲೆ ಸೇರಿದವು. ಬಿಸಿಲಿನ ಪ್ರಶ್ನೆಗೆ ಮಾಡಿದ ಈ ಪಟ್ಟಿ ಮುಂದೆ ಬಣ್ಣದ ಪಟ್ಟಿಯಾಗಿ ಎಲ್ಲ ಕಡೆ ಓಡಾಡಿತು. ಅರ್ಧ ಡಜನ್ ಖಾನೆಗಳಲ್ಲಿ ಇಡೀ ಜಗತ್ತು!

ಇನ್ನೊಂದು 1976ರದ್ದು. ಬಣ್ಣವನ್ನು ಸಂಖ್ಯೆಯಲ್ಲಿ ಹೇಳುವ ಸಿಐಇ ಲ್ಯಾಬ್ ಪದ್ಧತಿ. ಎಲ್ ಅಂದರೆ ತಿಳಿ-ಗಾಢ, ಎ ಅಂದರೆ ಕೆಂಪು-ಹಸಿರು, ಬಿ ಅಂದರೆ ಹಳದಿ-ನೀಲಿ. 1990ರ ದಶಕದಲ್ಲಿ ಚರ್ಮಕ್ಕೆಂದೇ ಇದರಿಂದ ಐಟಿಎ ಎಂಬ ಕೋನ ತೆಗೆದರು. ಎಲ್‌ನಿಂದ 50 ಕಳೆದು, ಬಿಯಿಂದ ಭಾಗಿಸಿ, ಬಂದದ್ದು ಎಷ್ಟು ಡಿಗ್ರಿ ಕೋನ ಅಂತ ನೋಡುವುದು. ಎಲ್ 65, ಬಿ 18 ಇದ್ದರೆ ಸುಮಾರು 40 ಡಿಗ್ರಿ, ಅಂದರೆ ಮಧ್ಯಮ. ಎಲ್ 40, ಬಿ 16 ಇದ್ದರೆ ಮೈನಸ್ 32, ಗಾಢ ವರ್ಗ. ಲೆಕ್ಕ ಸೊಗಸಾಗಿದೆ, ಆದರೆ ಅದರಲ್ಲಿ ಎ ಎಲ್ಲಿ? ಇಲ್ಲ. ಕೆಂಪು ಎಷ್ಟಿದೆ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ನಮ್ಮ ಮಾತಿನಲ್ಲಿ ಎಣ್ಣೆಗೆಂಪು, ಎಣ್ಣೆಗಪ್ಪು ಅಂತ ಪದಗಳಿವೆ. ಬಣ್ಣವನ್ನೂ ಹೊಳಪನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ಆ ಕೋನಕ್ಕೆ ಅಷ್ಟು ಬಾಯಿಲ್ಲ.

ಇನ್ನು 2012ರಿಂದ 2018ರವರೆಗಿನ ಆರು ವರ್ಷ. ತಮಾಷೆ ಇರುವುದೇ ಇಲ್ಲಿ.

2012ರಲ್ಲಿ ಸೌಂದರ್ಯ ಸಾಧನಗಳ ಅಂಗಡಿ ಸರಣಿ ಸೆಫೋರಾ ಮತ್ತು ಬಣ್ಣಗಳ ಪಟ್ಟಿ ಮಾಡುವ ಕಂಪನಿ ಪ್ಯಾಂಟೋನ್ ಸೇರಿ ಕಲರ್ ಐಕ್ಯೂ ತಂದವು. ಕೈಯಲ್ಲಿ ಹಿಡಿಯುವ ಸಾಧನ. ಮುಖಕ್ಕೆ ಒತ್ತಿ ಹಿಡಿದರೆ ತನ್ನದೇ ಬೆಳಕು ಹಾಯಿಸಿ ಬಣ್ಣ ಓದುತ್ತದೆ. ಹೊರಗಿನ ಬೆಳಕು ಒಳಗೆ ನುಸುಳುವುದಿಲ್ಲ, ಹಾಗಾಗಿ ಕಿಟಕಿ-ಟ್ಯೂಬ್‌ಲೈಟ್ ಜಗಳವೇ ಇಲ್ಲ. ಪ್ಯಾಂಟೋನ್ ಅದೇ ವರ್ಷ ಹೊರತಂದ ಸ್ಕಿನ್‌ಟೋನ್ ಪಟ್ಟಿಯಲ್ಲಿ 110 ಬಣ್ಣಗಳಿದ್ದವು. ಅಳತೆ ಚೆನ್ನಾಗಿಯೇ ಇತ್ತು. ಆದರೆ ಇದು ಬೆರೆಸಿಕೊಡುವ ಯಂತ್ರವಲ್ಲ, ಅಂಗಡಿಯಲ್ಲಿ ಇರುವುದರಲ್ಲೇ ಹುಡುಕಿಕೊಡುವ ಯಂತ್ರ. ಕಪಾಟಿನಲ್ಲಿ ನಿಮ್ಮ ಬಣ್ಣ ಇಲ್ಲದಿದ್ದರೆ, ಇಲ್ಲ ಅನ್ನುವುದನ್ನು ಬಹಳ ನಿಖರವಾಗಿ ಹೇಳಬಲ್ಲದು ಅಷ್ಟೇ.

2015ರಲ್ಲಿ ಮೇಕಪ್ ಬ್ರ್ಯಾಂಡ್ ಲ್ಯಾಂಕೋಮ್ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲೇ ಅಳೆದು, ಅಲ್ಲೇ ಬೆರೆಸಿ, ಬಾಟಲಿಗೆ ತುಂಬಿಕೊಡುವ ಯಂತ್ರ. 72,000 ಬಗೆ ಸಾಧ್ಯ ಅಂತ ಹೇಳಿಕೊಂಡರು. ಅದು ಬರೀ ಬಣ್ಣದ ಲೆಕ್ಕವಲ್ಲ, ಎಷ್ಟು ದಪ್ಪಗೆ ಮುಚ್ಚಬೇಕು, ಎಷ್ಟು ತೇವ ಬೇಕು ಅನ್ನುವ ಆಯ್ಕೆಗಳೂ ಸೇರಿ ಅಷ್ಟು.

ಬೆರೆಸುವುದಕ್ಕೂ ಅದರದೇ ಕಷ್ಟ ಇದೆ. ಬಾಟಲಿಯಲ್ಲಿ ಕಾಣುವ ಬಣ್ಣ ಮುಖದಲ್ಲಿ ಕಾಣುವುದಿಲ್ಲ. ತೆಳ್ಳಗೆ ಹಚ್ಚಿದ ಪದರದ ಅಡಿಯಿಂದ ಚರ್ಮವೂ ಇಣುಕುತ್ತದೆ. ಪದರಗಳ ಬಣ್ಣವನ್ನು ಲೆಕ್ಕ ಹಾಕುವ ಕುಬೆಲ್ಕಾ-ಮುಂಕ್ ಸಮೀಕರಣ 1931ರಷ್ಟು ಹಳೆಯದು, ಪೇಂಟಿನವರು ಬಳಸುತ್ತಲೇ ಬಂದಿದ್ದಾರೆ. ಆದರೆ ಗೋಡೆ ಬೆವರುವುದಿಲ್ಲ ಅಲ್ವಾ? ಮುಖದ ಜಿಡ್ಡು ಸೇರಿ, ನೀರಿನಂಶ ಆರಿ, ಒಂದು ಗಂಟೆಯಲ್ಲಿ ಫೌಂಡೇಶನ್ ಒಂದಿಷ್ಟು ಗಾಢವಾಗುತ್ತದೆ. ಜೊತೆಗೆ ಆ ಬಿಳಿ ಟೈಟಾನಿಯಂ. ತಿಳಿ ಚರ್ಮಕ್ಕೆ ಅದು ಒಗ್ಗುತ್ತದೆ, ಗಾಢ ಚರ್ಮದ ಮೇಲೆ ಬೂದಿ ಬಳಿದಂತೆ ಕಾಣಿಸುತ್ತದೆ. ಬಿಳಿ ತೆಗೆದು ಕಪ್ಪು ಜಾಸ್ತಿ ಹಾಕಿದರೆ ಬಣ್ಣ ಮಂಕಾಗಿ ಸಾಯುತ್ತದೆ. ನೀಲಿಯ ಅಲ್ಟ್ರಾಮರೀನ್ ಬೆರೆಸಿದರೆ ಗಾಢ ಬಣ್ಣಕ್ಕೆ ಜೀವ ಬರುತ್ತದೆ ಅನ್ನುವುದನ್ನು ಉದ್ಯಮ ಗಮನಿಸಿದ್ದು ತಡವಾಗಿ. ಯಂತ್ರ ಎಷ್ಟೇ ಚುರುಕಾಗಿರಲಿ, ತೊಟ್ಟಿಯಲ್ಲಿ ಏನಿದೆಯೋ ಅದನ್ನೇ ತಾನೆ ಸುರಿಯುವುದು.

2017ರಲ್ಲಿ ಶಿಸೆಡೊ ಬಳಗ ಮ್ಯಾಚ್‌ಕೋ ಎಂಬ ಆಪ್ ಕಂಪನಿಯನ್ನು ಕೊಂಡಿತು. ಮುಂದಿನ ವರ್ಷ ಲೋರಿಯಲ್ ಮೊಡಿಫೇಸ್ ಎಂಬ ತಂತ್ರಜ್ಞಾನ ಕಂಪನಿಯನ್ನು ಕೊಂಡಿತು. ಸ್ಕ್ಯಾನರ್ ಜಾಗಕ್ಕೆ ಫೋನ್ ಬಂತು. ಅನುಕೂಲವೇನೋ ನಿಜ, ಆದರೆ ಅಳತೆಯಲ್ಲಿ ಇದು ಹಿನ್ನಡೆ ಅಂತಲೇ ನನ್ನ ಲೆಕ್ಕ. ಪ್ರಯೋಗಾಲಯದ ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ಬೆಳಕನ್ನು ಬಿಡಿಸಿ ಅಳೆಯುವ ಉಪಕರಣ, ಬೆಳಕಿನ ತರಂಗಾಂತರವನ್ನು 400ರಿಂದ 700 ನ್ಯಾನೋಮೀಟರ್‌ವರೆಗೆ ಹತ್ತು ಹತ್ತರ ಅಂತರದಲ್ಲಿ ಓದಿದರೆ 31 ಅಂಕಿ ಸಿಗುತ್ತವೆ. ಫೋನ್ ಕ್ಯಾಮೆರಾ ಕೊಡುವುದು ಕೆಂಪು, ಹಸಿರು, ನೀಲಿ ಎಂಬ ಮೂರು. ಆ ಮೂರನ್ನೂ ಅದು ಇದ್ದ ಹಾಗೆ ಕೊಡುವುದಿಲ್ಲ. ಸುತ್ತಲ ಬೆಳಕು ನೋಡಿ ಬಣ್ಣ ಸರಿಮಾಡುತ್ತದೆ, ಮುಖ ಕಂಡರೆ ಬೆಳಗಿಸುತ್ತದೆ, ಕೆಲವು ಸಲ ಕೇಳದೆಯೇ ನುಣುಪೂ ಮಾಡುತ್ತದೆ. ಬಿಳಿ ಹಾಳೆ ಪಕ್ಕಕ್ಕಿಟ್ಟು ಫೋಟೋ ತೆಗೆದರೆ ಸ್ವಲ್ಪ ಸರಿಹೋಗುತ್ತದೆ. ಚಂದ ಕಾಣಿಸುವುದೇ ಕೆಲಸವಾಗಿರುವ ಕ್ಯಾಮೆರಾ ಹತ್ತಿರ ನಿಜ ಹೇಳು ಅಂದರೆ ಹೇಗೆ? ಫಿಲ್ಮ್ ಕಾಲದಲ್ಲೂ ಹೀಗೇ ಇತ್ತು. ಫೋಟೋ ಲ್ಯಾಬ್‌ಗಳು ಬಣ್ಣ ಹೊಂದಿಸುತ್ತಿದ್ದದ್ದು ಶರ್ಲಿ ಕಾರ್ಡ್ ಎಂಬ ಮಾದರಿ ಫೋಟೋ ನೋಡಿ, ಅದರಲ್ಲಿ ಬಹಳ ಕಾಲ ಇದ್ದದ್ದು ಬಿಳಿ ಹೆಣ್ಣುಮಗಳ ಮುಖ.

ಇಷ್ಟೆಲ್ಲ ಯಂತ್ರಗಳ ನಡುವೆ ದೊಡ್ಡ ಸದ್ದು ಮಾಡಿದ್ದು ಯಂತ್ರವೇ ಅಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಗಾಯಕಿ ರಿಹಾನಾ ಅವರ ಮೇಕಪ್ ಬ್ರ್ಯಾಂಡ್ ಫೆಂಟಿ ಬ್ಯೂಟಿ ಒಂದೇ ಸಲಕ್ಕೆ 40 ಶೇಡ್ ಇಟ್ಟಿತು. ಸ್ಕ್ಯಾನ್ ಇಲ್ಲ, ಸಮೀಕರಣ ಇಲ್ಲ, ಸುಮ್ನೆ ಬಾಟಲಿಗಳ ಸಾಲು. ಉಳಿದವರೂ ನಲವತ್ತರ ಹಿಂದೆ ಬಿದ್ದರು.

ಮುಂದಿನದು ಬೇಗ ಹೇಳಿಬಿಡಬಹುದು. 2018ರಲ್ಲಿ ಸಂಶೋಧಕಿಯರಾದ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಗಾಢ ಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು ಶೇಕಡ 34.7ರವರೆಗೆ ಹೋಗಿತ್ತು, ತಿಳಿ ಬಣ್ಣದ ಗಂಡಸರಲ್ಲಿ ಶೇಕಡ 0.8 ದಾಟಲಿಲ್ಲ. 2022ರಲ್ಲಿ ಗೂಗಲ್, ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ ಹತ್ತು ಮೈಬಣ್ಣಗಳ ಸ್ಕೇಲನ್ನು ಎಲ್ಲರಿಗೂ ತೆರೆಯಿತು. 2023ರಲ್ಲಿ ಸೋನಿಯ ಸಂಶೋಧಕರು ತಿಳಿ-ಗಾಢ ಒಂದೇ ಸಾಲದು, ಕೆಂಪು-ಹಳದಿಯ ಕಡೆಗೂ ಅಳೆಯಬೇಕು ಅಂದರು. ಅಂಡರ್‌ಟೋನ್ ಅಂತ ಕೌಂಟರ್‌ನಲ್ಲಿ ಎಂದಿನಿಂದಲೋ ಹೇಳುತ್ತಿದ್ದ ಮಾತು ಕೊನೆಗೂ ಲೆಕ್ಕಕ್ಕೆ ಸೇರಿತು.

ಮನೆಯಲ್ಲೇ ಬೆರೆಸುವ ಯಂತ್ರವನ್ನು ಲೋರಿಯಲ್ 2020ರಲ್ಲಿ ತೋರಿಸಿತು. ಮರುವರ್ಷ ಅದೇ ತಂತ್ರದಿಂದ ಮೊದಲು ಅಂಗಡಿಗೆ ಬಂದದ್ದು ಫೌಂಡೇಶನ್ ಅಲ್ಲ, ಲಿಪ್‌ಸ್ಟಿಕ್. ಯಾಕಿರಬಹುದು ಅಂತ ಊಹಿಸುವುದು ಕಷ್ಟವಲ್ಲ. ತುಟಿಗೆ ಬಯಸಿದ ಬಣ್ಣ ಹಚ್ಚಬಹುದು, ಒಂದು ಛಾಯೆ ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ಫೌಂಡೇಶನ್ ಹಾಗಲ್ಲ, ದವಡೆಯ ಅಂಚಿನಲ್ಲಿ ಗೆರೆ ಬಿದ್ದರೆ ಬಯಲಾಯಿತು. ಹಾಗಾಗಿಯೇ ಏನೋ, ಅಳೆದು ಬೆರೆಸಿಕೊಡುವ ಹಲವು ಸೇವೆಗಳಲ್ಲಿ ಮೊದಲ ಬಾಟಲಿ ಹೊಂದದಿದ್ದರೆ ಇನ್ನೊಮ್ಮೆ ಬೆರೆಸಿಕೊಡುತ್ತಾರೆ. ಆಗ ಯಂತ್ರ ಮತ್ತೆ ಸ್ಕ್ಯಾನ್ ಮಾಡಲೇಬೇಕೆಂದಿಲ್ಲ. ಸ್ವಲ್ಪ ಹಳದಿ ಜಾಸ್ತಿ ಇರಲಿ ಅಂತ ನೀವು ಕನ್ನಡಿ ನೋಡಿ ಹೇಳುತ್ತೀರಿ, ಅವರು ಅಷ್ಟು ಹಳದಿ ಸೇರಿಸುತ್ತಾರೆ.